ಗಂಜಿ ಕುಡಿದ ಟಾಪು

ಆವರಗೆರೆಯ ಉಜ್ಜನಪ್ಪ ಗಾಡಿ ಓಡಿಸುವುದನ್ನು ಮೊದಲ ಸಲ ಕಂಡವರು, ಈ ಯಜಮಾನರು ದಾರಿಯುದ್ದಕ್ಕೂ ಜನರಿಗೆ ಆಶೀರ್ವಾದ ಮಾಡುತ್ತ ಹೊರಟಿದ್ದಾರೆ ಎಂದುಕೊಳ್ಳುತ್ತಿದ್ದರು. ಬಲಗೈ ಸ್ಟೇರಿಂಗಿನ ಮೇಲೆ, ಎಡಗೈ ಸದಾ ಮೇಲಕ್ಕೆ. ಗೇರು ಬದಲಿಸುವಾಗ ಮಾತ್ರ ಆ ಕೈ ಕೆಳಗಿಳಿಯುತ್ತಿತ್ತು. ಇಳಿದ ಕೂಡಲೇ ಗಾಡಿಯ ಸೂರಿನ ಒಳಬಟ್ಟೆ ಜೋತುಬಂದು ಅವನ ಕಣ್ಣ ಮೇಲೆ ಕೂರುತ್ತಿತ್ತು. ಅಷ್ಟು ಹೊತ್ತು ಅವನಿಗೆ ದಾವಣಗೆರೆಯ ರಸ್ತೆ ಕಾಣುತ್ತಿರಲಿಲ್ಲ. ರಸ್ತೆಯ ಮೇಲಿನವರೇ ಅವನನ್ನು ನೋಡಿಕೊಂಡು ಪಕ್ಕಕ್ಕೆ ಸರಿಯಬೇಕಾಗಿತ್ತು, ಸರಿಯುತ್ತಿದ್ದರು ಕೂಡ.

ಅದು ಎಪ್ಪತ್ತರ ದಶಕದ ಜೀಪ್ ಪಿಕಪ್. ಮುಂದೆ ಗುಂಡುಕಣ್ಣಿನ ಜೀಪಿನ ಮೋರೆ, ನಡುವೆ ಇಬ್ಬರು ಕೂರುವ ತಗಡಿನ ಕ್ಯಾಬಿನ್ನು, ಹಿಂದೆ ಸಾಮಾನು ಹೇರುವ ತೊಟ್ಟಿ. ಬಣ್ಣ ಹಸಿರು ಎಂದು ಕಾಗದಪತ್ರಗಳಲ್ಲಿತ್ತು, ಗಾಡಿಯ ಮೇಲೆ ಎಲ್ಲೂ ಇರಲಿಲ್ಲ. ದಾವಣಗೆರೆಯ ಭಟ್ಟಿಗಳಲ್ಲಿ ಮಂಡಕ್ಕಿ ಚೀಲ ಹೇರಿಕೊಂಡು ಹರಿಹರ, ಮಲೆಬೆನ್ನೂರು, ಸಾರಥಿ ಊರುಗಳ ಅಂಗಡಿಗಳಿಗೆ ಇಳಿಸಿ ಬರುವುದು ಅದರ ಕೆಲಸ. ಮಂಡಕ್ಕಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಚೀಲ ನೋಡಲು ಆನೆಮರಿ, ಎತ್ತಿದರೆ ಮೇಕೆಮರಿ. ಬೆಟ್ಟದಷ್ಟು ಚೀಲ ಹೊತ್ತು ಏದುಸಿರುಬಿಡುತ್ತ ಹೋಗುವ ಆ ಮುದಿ ಗಾಡಿಯನ್ನು ನೋಡಿ, “ಈ ವಯಸ್ಸಿನಾಗೂ ಏನು ಎಳಿತೈತಪ್ಪ!” ಎಂದು ಜನ ಬೆರಗಾಗುತ್ತಿದ್ದರು. ಉಜ್ಜನಪ್ಪ ಅವರನ್ನು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಇತ್ತೀಚೆಗೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳೂ ಗಾಡಿ ಹುಡುಕಿಕೊಂಡು ಬರತೊಡಗಿದ್ದವು. ಹೊರಗೆ ಒರಗಿ ನಿಲ್ಲಲು ಅವನ ಅಭ್ಯಂತರವಿರಲಿಲ್ಲ. ಒಳಗೆ ಕೂರುತ್ತೇವೆ ಎಂದರೆ ಮಾತ್ರ ಮಾತು ಬದಲಿಸಿಬಿಡುತ್ತಿದ್ದ.

ಒಳಗಿನ ಕಥೆ ಹಾಗಿತ್ತು. ತಗಡಿನ ಸೂರಿನ ಕೆಳಗೆ ಅಂಟಿಸಿದ ಒಳಬಟ್ಟೆಗೆ ಗ್ಯಾರೇಜಿನವರು ಟಾಪು ಎನ್ನುತ್ತಾರೆ. ಆ ಟಾಪಿನ ಹಿಂದಿನ ಸ್ಪಂಜು ಬಿಸಿಲಿಗೆ ಹಣ್ಣಾಗಿ, ಹಳದಿ ಹಿಟ್ಟಾಗಿ ಉದುರತೊಡಗಿತ್ತು. ಹಿಡಿತ ತಪ್ಪಿದ ಬಟ್ಟೆ ತೊಟ್ಟಿಲಿನಂತೆ ಜೋತಿತ್ತು. ಉಜ್ಜನಪ್ಪ ಸುಮ್ಮನೆ ಕೂತವನಲ್ಲ. ಹೆಂಡತಿಯ ಸೀರೆಪಿನ್ನು, ತಲೆಪಿನ್ನು, ಸೊಸೆ ಪೂಜಾಳ ಬಟ್ಟೆ ಒಣಗಿಸುವ ಕ್ಲಿಪ್ಪು, ಹೀಗೆ ಮನೆಯಲ್ಲಿ ಕಚ್ಚುವ ಗುಣವಿರುವ ಎಲ್ಲವನ್ನೂ ತಂದು ಟಾಪಿಗೆ ಸಿಕ್ಕಿಸಿದ್ದ. ಗಾಡಿ ಗುಂಡಿಗಿಳಿದಾಗಲೆಲ್ಲ ಅವು ಒಂದೊಂದೇ ಕಳಚಿ ಅವನ ಅಂಗಿಯೊಳಗೆ ಇಳಿಯುತ್ತಿದ್ದವು.

ಇಷ್ಟಾದರೂ ಅವನು ತಲೆಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಆದರೆ ಆ ಕ್ಯಾಬಿನ್ನು ಬರೀ ಕ್ಯಾಬಿನ್ನಾಗಿರಲಿಲ್ಲ. ಉಜ್ಜನಪ್ಪ ಮತ್ತು ನಿರ್ಮಲಮ್ಮ ಜಗಳವಾಡುವ ಜಾಗ ಅದೊಂದೇ ಆಗಿತ್ತು.

ನಗಬೇಡಿ. ಮನೆ ಚಿಕ್ಕದು. ಮಗ ನಾಗಭೂಷಣ್, ಸೊಸೆ, ಮೊಮ್ಮಗ, ಟೀವಿ, ಎಲ್ಲ ಒಂದೇ ಪಡಸಾಲೆಯಲ್ಲಿ. ಸೊಸೆಯ ಎದುರಿಗೆ ಅತ್ತೆ ಮಾವ ಕೂಗಾಡಿದರೆ ಮರ್ಯಾದೆ ಉಳಿಯುತ್ತದೆಯೇ? ಹಾಗಾಗಿ ವಾರವಿಡೀ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದು, ಪ್ರತಿ ಸೋಮವಾರ ಹರಿಹರೇಶ್ವರನ ದರ್ಶನಕ್ಕೆಂದು ಗಾಡಿ ಹತ್ತುತ್ತಿದ್ದರು. ಬಾಗಿಲು ಧಡ್ ಎಂದು ಮುಚ್ಚಿಕೊಂಡದ್ದೇ ತಡ, ವಾರದ್ದೆಲ್ಲ ಹೊರಬೀಳುತ್ತಿತ್ತು. ಇವನ ತಮ್ಮನ ಜಿಪುಣತನ, ಅವಳ ತವರಿನವರ ಬಡಾಯಿ, ನಿನ್ನೆಯ ಸಾರಿನ ಉಪ್ಪು, ಮೂವತ್ತು ವರ್ಷದ ಹಿಂದೆ ಯಾವುದೋ ಸೀಮಂತದಲ್ಲಿ ಯಾರೋ ಆಡಿದ ಮಾತು. ಇಂಜಿನ್ನಿನ ಸದ್ದಿಗೆ ಹೊರಗೇನೂ ಕೇಳಿಸುತ್ತಿರಲಿಲ್ಲ. ಹರಿಹರ ಮುಟ್ಟುವಷ್ಟರಲ್ಲಿ ಇಬ್ಬರ ಮನಸ್ಸೂ ಹಗುರಾಗಿ, ದೇವರ ಮುಂದೆ ಕೈಮುಗಿಯುವಾಗ ಮುಖದಲ್ಲಿ ಒಂದು ಕಳೆ ಬಂದಿರುತ್ತಿತ್ತು. ದಂಪತಿಗಳೆಂದರೆ ಹೀಗಿರಬೇಕು ಎಂದು ಪೂಜಾರಿಯೇ ಯಾರಿಗೋ ತೋರಿಸಿ ಹೇಳಿದ್ದುಂಟು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಮಲೆಬೆನ್ನೂರಿನ ಒಂದು ಮದುವೆಯಲ್ಲಿ. ನಿರ್ಮಲಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು, ಗಾಡಿಯಿಂದ ಇಳಿದು ಛತ್ರದ ಬಾಗಿಲಿಗೆ ಬಂದಳು. ಎದುರಿಗೆ ಬಂದ ಅವಳ ತಂಗಿ ಛತ್ರಕ್ಕೆಲ್ಲ ಕೇಳುವಂತೆ ಕೇಳಿದಳು:

“ಏನೇ ಅಕ್ಕಾ, ಮೈಲಾರಕ್ಕೆ ಹೋಗಿ ಬಂದ್ರೇನೇ? ತಲಿತುಂಬಾ ಭಂಡಾರ ಐತಲ್ಲೇ!”

ಮಲ್ಲಿಗೆ, ಕೂದಲು, ಹೆಗಲು, ಎಲ್ಲದರ ಮೇಲೂ ಸ್ಪಂಜಿನ ಹಳದಿ ಹಿಟ್ಟು. ಬೀಗರ ಕಡೆಯ ಒಬ್ಬ ಅಜ್ಜಿ ನಿಜವಾಗಿಯೂ ಕೈಮುಗಿದಳು.  ನಿರ್ಮಲಮ್ಮ ಅಕ್ಷತೆ ಹಾಕಿದಳು, ಊಟ ಮಾಡಿದಳು, ಹೊರಗೆ ಬಂದು ಗಂಡನಿಗೆ ಎರಡೇ ಮಾತು ಹೇಳಿದಳು.

“ನನ್ನ ತಲಿಮ್ಯಾಲಿನ ಬಟ್ಟೆ ನೆಟ್ಟಗಾಗೋವರ್ಗೂ ನಾ ಈ ಗಾಡಿ ಹತ್ತಲ್ಲ. ಬಸ್ಸಿಗೆ ಬರ್ತೀನಿ, ನೀವು ಹೋಗ್ರಿ.”

ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾಗಿ ಕೆಲವು ಕಾಲವಾಗಿತ್ತು. ಅಲ್ಲಿಯವರೆಗೂ ಉಜ್ಜನಪ್ಪ ಆ ಯೋಜನೆಯನ್ನು ಕಟ್ಟೆಯ ಮೇಲೆ ಕೂತು ಹೊಗಳುತ್ತಿದ್ದ. ಆವತ್ತಿನಿಂದ ಬಾಯಿ ಬಿಡಲಿಲ್ಲ. ನಿರ್ಮಲಮ್ಮ ಆಧಾರ್ ಕಾರ್ಡು ಪರ್ಸಿನಲ್ಲಿಟ್ಟುಕೊಂಡು ಸೋಮವಾರ ಬಸ್ಸಿಗೆ ಹೋದಳು, ಬಸ್ಸಿಗೇ ಬಂದಳು. ಮುಂದಿನ ಸೋಮವಾರವೂ ಅಷ್ಟೇ. ಮನೆಯಲ್ಲಿ ಮಾತ್ರ ಬೆಣ್ಣೆಯಂಥ ಮಾತು. “ಊಟಕ್ಕೆ ಹಾಕ್ಲೇನ್ರಿ?” “ಹ್ಞೂಂ, ಹಾಕು.” “ಉಪ್ಪು ಸಾಕೇನ್ರಿ?” “ಸಾಕು, ಸಾಕು.” ಉಪ್ಪು ಸಾಕಾಗಿರಲಿಲ್ಲ. ಅದನ್ನು ಹೇಳಲು ಜಾಗವೆಲ್ಲಿ? ಹೆಂಡತಿ ಸಿಟ್ಟಾದರೆ ಗಂಡಸು ತಡೆದುಕೊಂಡಾನು, ಆದರೆ ಹೆಂಡತಿ ಮರ್ಯಾದೆ ಕೊಡಲು ಶುರುಮಾಡಿದರೆ ಅವನ ಜೀವ ಅರ್ಧ ಆಗುತ್ತದೆ. ಉಜ್ಜನಪ್ಪನಿಗೆ ರಾತ್ರಿ ಅನ್ನ ಸೇರುತ್ತಿರಲಿಲ್ಲ.

ಒಂದು ಸೋಮವಾರ ಅವನು ತಡೆಯಲಾರದೆ ಅವಳಿದ್ದ ಬಸ್ಸಿನ ಬೆನ್ನಿಗೇ ಗಾಡಿ ಬಿಟ್ಟ. ಹಿಂದಿನ ಗಾಜಿನಲ್ಲಿ ನಿರ್ಮಲಮ್ಮನ ತುರುಬು ಕಾಣುತ್ತಿತ್ತು. ಪಕ್ಕದಲ್ಲಿ ಯಾರೋ ಹೆಂಗಸು. ಇಬ್ಬರೂ ನಗುತ್ತಿದ್ದರು. ತನ್ನ ಹೆಂಡತಿ ಹಾಗೆ ತಲೆ ಅಲ್ಲಾಡಿಸಿ ನಗುತ್ತಾಳೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಅಷ್ಟರಲ್ಲಿ ಬಸ್ಸು ಗಕ್ಕನೆ ನಿಂತಿತು. ಹಿಂಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್, ಈ ಮುದುಕ ಆಗಿನಿಂದ ಕೈ ಎತ್ತಿಕೊಂಡೇ ಬೆನ್ನುಹತ್ತಿದ್ದಾನೆ ಎಂದು ಸೀಟಿ ಊದಿ ಬಸ್ಸು ನಿಲ್ಲಿಸಿದ್ದ.

“ಏನ್ ಯಜಮಾನ್ರೆ, ಕೈ ಮಾಡಿದ್ರಲ್ಲ, ಏನಾಗಬೇಕು? ಬಸ್ ಹತ್ತಬೇಕಿತ್ತೇನು?”

“ಇಲ್ಲ… ಟಾಪು,” ಎಂದ ಉಜ್ಜನಪ್ಪ.

ಬಸ್ಸಿನ ಹೆಂಗಸರೆಲ್ಲ ಕಿಟಕಿಯಿಂದ ತಲೆ ಹಾಕಿ ನೋಡಿದರು. ನಿರ್ಮಲಮ್ಮ ಒಬ್ಬಳೇ ಎದುರಿಗೆ ನೋಡುತ್ತ ಕೂತಿದ್ದಳು. ಆ ಮುದುಕನಿಗೂ ತನಗೂ ಏನೂ ಸಂಬಂಧವಿಲ್ಲ ಎನ್ನುವ ಹಾಗಿತ್ತು ಅವಳ ತುರುಬು.

ಆವತ್ತೇ ಉಜ್ಜನಪ್ಪ ಗಾಡಿಯನ್ನು ನೇರ ಮುನಾಫನ ಅಂಗಡಿಗೆ ಹೊಡೆದ. ಹರಿಹರದ ದೇವಸ್ಥಾನದ ರಸ್ತೆಯಲ್ಲಿ ಮುನಾಫನದು ಕುಶನ್ ಅಂಗಡಿ. ಬೈಕಿನ ಸೀಟಿನಿಂದ ಟ್ರ್ಯಾಕ್ಟರಿನ ಸೀಟಿನವರೆಗೆ ಹೊಲಿದುಕೊಡುತ್ತಾನೆ. ಅಂಗಡಿಯ ಹಿಂದೆಯೇ ಮನೆ, ಮುಂದೆ ಕುರ್ಚಿ ಹಾಕಿಕೊಂಡು ಅವನ ತಾಯಿ ಖತೀಜಾಬೀ. ಕೈ ನಡುಗುತ್ತದೆಂದು ಹೊಲಿಯುವುದು ಬಿಟ್ಟಿದ್ದರೂ ನಾಲಿಗೆ ನಡುಗುತ್ತಿರಲಿಲ್ಲ.

ಮುನಾಫ ಕ್ಯಾಬಿನ್ನಿನೊಳಗೆ ತಲೆ ಹಾಕಿ ಟಾಪಿನ ಒಂದು ಮೂಲೆ ಎಳೆದ. ಜರ್ರನೆ ಅಷ್ಟೂ ಬಟ್ಟೆ ಕಿತ್ತು ಬಂತು. ಅದರ ಹಿಂದೆಯೇ ಮಂಡಕ್ಕಿ ಸುರಿಯಿತು. ಇಲಿಗಳು ವರ್ಷಾನುಗಟ್ಟಲೆ ಚೀಲದಿಂದ ಸಾಗಿಸಿ ಕೂಡಿಟ್ಟ ಮಂಡಕ್ಕಿ ಮುನಾಫನ ತಲೆಯ ಮೇಲೆ, ಸೀಟಿನ ಮೇಲೆ, ರಸ್ತೆಯ ಮೇಲೆ ಬಿತ್ತು. ಕೊನೆಗೆ ಟೊಪ್ ಎಂದು ಒಂದು ಇಲಿಗೂಡು. ಅದನ್ನು ಕಟ್ಟಿದ್ದ ನೀಲಿ ಉಣ್ಣೆಯ ಎಳೆ ಉಜ್ಜನಪ್ಪನಿಗೆ ಕೂಡಲೇ ಗುರುತು ಸಿಕ್ಕಿತು. ಅದು ನಿರ್ಮಲಮ್ಮನ ಮಫ್ಲರು. ಅವಳ ತಂಗಿಯೇ ಕದ್ದಿದ್ದಾಳೆಂದು ಅವನು ಎರಡು ಚಳಿಗಾಲ ವಾದ ಮಾಡಿದ್ದ.

“ಉಜ್ಜಣ್ಣಾ,” ಎಂದಳು ಖತೀಜಾಬೀ ಕೂತಲ್ಲಿಂದಲೇ, “ಒಗ್ಗರಣಿ ಒಂದು ಹಾಕಿದ್ರೆ ಬೀದಿಗೆಲ್ಲಾ ಆಗ್ತಿತ್ತಲ್ಲಪ್ಪಾ.”

ಮುನಾಫ ತಲೆ ಕೊಡವಿಕೊಂಡು ಬೂದುಬಣ್ಣದ ರೆಕ್ಸಿನ್ ತಂದು ತೋರಿಸಿದ. “ಇದನ್ನ ಹಾಕ್ತೀನ್ರಿ. ಸಲ್ಯೂಷನ್ ಹಚ್ಚಿ ಅಂಟಿಸಿಬಿಟ್ರೆ ನಿಮ್ಮ ಮೊಮ್ಮಗನ ಕಾಲಕ್ಕೂ ಏನೂ ಆಗಲ್ಲ.”

ಉಜ್ಜನಪ್ಪ ಆ ಅಂಟಿನ ಡಬ್ಬಿಯನ್ನು ಮೂಸಿ ಮುಖ ಹಿಂಡಿದ. ಪೇಂಟು, ಪೆಟ್ರೋಲು, ಅಂಟು, ಯಾವ ಘಾಟಿಗೂ ನಿರ್ಮಲಮ್ಮನಿಗೆ ತಲೆ ಸಿಡಿಯುತ್ತಿತ್ತು. ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಎರಡು ದಿನ ಪಕ್ಕದವರ ಜಗುಲಿಯಲ್ಲಿ ಮಲಗಿದ್ದಳು. ಇಷ್ಟು ಮಾಡಿಯೂ ಅವಳು ಮೂಗು ಮುಚ್ಚಿಕೊಂಡು ಇಳಿದುಹೋದರೆ?

“ಇದು ಬ್ಯಾಡ. ಬಟ್ಟೆ ನಾ ತರ್ತೀನಿ. ಅಂಟೂ ಬ್ಯಾಡ, ಗಂಜಿ ಹಾಕೋಣ.”

“ಗಂಜಿ?” ಮುನಾಫನಿಗೆ ಅರ್ಥವಾಗಲಿಲ್ಲ.

ಅರ್ಥವಾಗಬೇಕಾದರೆ ಉಜ್ಜನಪ್ಪನ ಪೂರ್ವಾಶ್ರಮ ತಿಳಿದಿರಬೇಕು. ಮೀಸೆ ಮೂಡುವ ಮುಂಚೆಯೇ ಅವನು ದಾವಣಗೆರೆಯ ಒಂದು ಹತ್ತಿ ಮಿಲ್ಲು ಸೇರಿದ್ದ. ಅವನದು ಗಂಜಿ ಖಾತೆ. ಮಗ್ಗಕ್ಕೆ ಹೋಗುವ ಮುಂಚೆ ನೂಲಿಗೆ ಗಂಜಿ ಕುಡಿಸಬೇಕು, ಇಲ್ಲದಿದ್ದರೆ ಎಳೆ ತಡೆಯುವುದಿಲ್ಲ. ಎಷ್ಟು ಕುಡಿಸಬೇಕು, ಎಷ್ಟು ಕಾಯಿಸಬೇಕು ಎನ್ನುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎನ್ನುವುದು ಅವನ ಅಭಿಪ್ರಾಯ. ಮಿಲ್ಲು ಮುಚ್ಚಿತು, ಪಾಳಿಗೆ ಕರೆಯುವ ಭೋಂಗಾ ಕೂಗುವುದು ನಿಂತಿತು, ಉಜ್ಜನಪ್ಪ ಹಳೇ ಪಿಕಪ್ಪು ಕೊಂಡು ಮಂಡಕ್ಕಿ ಹೇರತೊಡಗಿದ. ಆದರೆ ಮನಸ್ಸಿನಲ್ಲಿ ಅವನು ಗಂಜಿ ಖಾತೆಯಿಂದ ಇನ್ನೂ ಹೊರಗೆ ಬಂದಿರಲಿಲ್ಲ. ಯಾರ ಅಂಗಿ ಕಂಡರೂ ಬೆರಳಲ್ಲಿ ತೀಡಿ ನೋಡುತ್ತಿದ್ದ. ಲೋಕದಲ್ಲಿ ಜೋತುಬಿದ್ದದ್ದಕ್ಕೆಲ್ಲ ಗಂಜಿಯ ಕೊರತೆಯೇ ಕಾರಣ ಎಂದು ಅವನು ನಂಬಿದ್ದ.

ಮಿಲ್ಲು ಮುಚ್ಚುವಾಗ, ತಾನು ಕೊನೆಯದಾಗಿ ಗಂಜಿ ಕುಡಿಸಿದ ನೂಲಿನಿಂದ ನೇಯ್ದ ಬಿಳಿ ಬಟ್ಟೆಯ ಒಂದು ಚಿಕ್ಕ ತಾನನ್ನು, ನಾಲ್ಕೈದು ಗಜದ ಸುರುಳಿಯನ್ನು, ಉಜ್ಜನಪ್ಪ ಕೊಂಡು ತಂದಿದ್ದ. ಅಂಚಿನುದ್ದಕ್ಕೂ ಮಿಲ್ಲಿನ ನೀಲಿ ಮುದ್ರೆ. ಅಂದಿನಿಂದ ಅದು ಮಂಚದ ಕೆಳಗಿನ ಟ್ರಂಕಿನಲ್ಲಿತ್ತು. ನಿರ್ಮಲಮ್ಮ ಕಿಟಕಿಯ ಪರದೆಗೆ ಕೇಳಿದ್ದಳು, ಕೊಡಲಿಲ್ಲ. ಗಾದಿಯ ಗವುಸಿಗೆ ಕೇಳಿದ್ದಳು, ಕೊಡಲಿಲ್ಲ. ಮೊಮ್ಮಗ ಹುಟ್ಟಿದಾಗ ಜೋಳಿಗೆ ಕಟ್ಟಲು ಕೇಳಿದ್ದಳು, ಆಗಲೂ ಕೊಡಲಿಲ್ಲ. ಕೊನೆಗೆ ಅವಳು ಕೇಳುವುದನ್ನು ಬಿಟ್ಟು, “ಅದು ಅವರ ಕೊನೀ ಹೊದಿಕಿ. ಮಣ್ಣಿಗೆ ಹೋಗುವಾಗ ಹೊದ್ಕೊಂಡು ಹೋಗ್ತಾರೆ ಬಿಡ್ರಿ,” ಎಂದು ಬಂದವರಿಗೆ ಹೇಳತೊಡಗಿದ್ದಳು. ಉಜ್ಜನಪ್ಪ ಅಲ್ಲಗಳೆದಿರಲಿಲ್ಲ.

ಶನಿವಾರ ನಿರ್ಮಲಮ್ಮ ತರಕಾರಿಗೆ ಹೋದ ಹೊತ್ತು ನೋಡಿ ಅವನು ಟ್ರಂಕು ತೆಗೆದ. ಬಟ್ಟೆಯ ತಾನನ್ನು ಎದೆಗೊತ್ತಿಕೊಂಡು ಗಾಡಿಗೆ ಸಾಗಿಸುವಾಗ, ಸ್ವಂತ ಮನೆಯಲ್ಲೇ ಕಳ್ಳನ ಹಾಗೆ ಹಿಂದೆಮುಂದೆ ನೋಡುತ್ತಿದ್ದ. ಹರಿಹರದಲ್ಲಿ ಮುನಾಫ ಕತ್ತರಿ ಹಿಡಿದು ಬಟ್ಟೆಯ ಮೇಲಿಟ್ಟಾಗ ಉಜ್ಜನಪ್ಪ ಮುಖ ಆಚೆ ತಿರುಗಿಸಿಕೊಂಡ.

“ಕತ್ತರಿಸ್ಲೇನ್ರಿ?”

“ಕತ್ತರಿಸು. ಹೇಳಬ್ಯಾಡ, ಕತ್ತರಿಸು.”

ಮುನಾಫ ಪಾಯಿಜಾಮದ ಲಾಡಿಗೆ ಮಾಡುವ ಹಾಗೆ ಬಟ್ಟೆಗೆ ಅಲ್ಲಲ್ಲಿ ಮಡಿಕೆ ಹೊಲಿದ. ಸೂರಿನ ಅಡ್ಡಕಂಬಿಗಳು ಆ ಮಡಿಕೆಗಳಲ್ಲಿ ತೂರಿ ಬಟ್ಟೆಯನ್ನು ಎತ್ತಿ ಹಿಡಿಯಬೇಕು. ಇತ್ತ ಅಂಗಡಿಯ ಹಿತ್ತಲಲ್ಲಿ ಖತೀಜಾಬೀಯ ನೀರಿನ ಹಂಡೆಯಲ್ಲಿ ಉಜ್ಜನಪ್ಪನ ಗಂಜಿ ಕುದಿಯತೊಡಗಿತು. ಅಕ್ಕಿಹಿಟ್ಟು, ಮೈದಾ, ಚಿಟಿಕೆ ಉಪ್ಪು. ಮಿಲ್ಲಿನಲ್ಲಾದರೆ ಹುಳಹುಪ್ಪಟೆ ಬಾಯಿ ಹಾಕದಿರಲೆಂದು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಉಜ್ಜನಪ್ಪ ಮೈಲುತುತ್ತದ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಯೋಚಿಸಿದ. ವಿಷ. ನಿರ್ಮಲಮ್ಮನ ತಲೆಯ ಮೇಲೆ ವಿಷ ಕಟ್ಟುವುದೇ? ಪೊಟ್ಟಣ ಜೇಬಿಗೆ ಹೋಯಿತು. ಅದರ ಬದಲು ಅಂಟು ಬಿಗಿಯಾಗಲೆಂದು ಒಂದು ಉಂಡೆ ಬೆಲ್ಲ ಹಾಕಿದ. ಪರಿಮಳ ಇರಲೆಂದು ನಾಲ್ಕು ಏಲಕ್ಕಿ ಕುಟ್ಟಿ ಹಾಕಿದ.

ಮುನಾಫ ಬಂದು ಮೂಗರಳಿಸಿದ. “ಯಜಮಾನ್ರೆ, ಇದು ಟಾಪಿಗೇನ್ರಿ, ಹಬ್ಬಕ್ಕೇನ್ರಿ?”

“ನಿನಗೇನು ಗೊತ್ತು? ಸುಮ್ನಿರು,” ಎಂದ ಗಂಜಿ ಖಾತೆಯವನು.

ಆ ಹೊತ್ತಿಗೆ ಸರಿಯಾಗಿ ಬಸವ ಬಂದ. ದೇವರಿಗೆ ಬಿಟ್ಟ ಹೋರಿ ಅದು, ಗಾತ್ರದಲ್ಲಿ ಗಾಡಿಗೇನೂ ಕಡಿಮೆಯಿಲ್ಲ. ಹರಿಹರದ ಪೇಟೆಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ತರಕಾರಿ ಬುಟ್ಟಿಗೆ ಬಾಯಿ ಹಾಕಿದರೂ ಯಾರೂ ಕೋಲೆತ್ತುವುದಿಲ್ಲ, ಬೇಕಾದರೆ ಬುಟ್ಟಿಯನ್ನೇ ಎತ್ತಿಕೊಳ್ಳುತ್ತಾರೆ. ದಿನಾ ಈ ಹೊತ್ತಿಗೆ ಖತೀಜಾಬೀಯ ಕೈಯಿಂದ ಒಂದು ರೊಟ್ಟಿ ತಿಂದು ಹೋಗುವುದು ಅದರ ಪದ್ಧತಿ. ಆವತ್ತು ರೊಟ್ಟಿಯನ್ನು ಮೂಸಿಯೂ ನೋಡದೆ ಹಿತ್ತಲಿನ ಕಡೆಗೇ ಮೂತಿ ತಿರುಗಿಸಿ ನಿಂತಿತು.

ಬಟ್ಟೆಗೆ ಗಂಜಿ ಕುಡಿಸಿ, ಮುನಾಫ ಮತ್ತು ಉಜ್ಜನಪ್ಪ ಇಬ್ಬರೂ ಸೇರಿ ಕಂಬಿಗೆ ಏರಿಸಿ, ಅಂಚುಗಳನ್ನು ಎಳೆದು ಪಟ್ಟಿಯಲ್ಲಿ ಬಿಗಿದಾದ ಮೇಲೆ ಹಂಡೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. “ಪಾಪ, ಕಾಯ್ಕಂಡು ನಿಂತೈತೆ,” ಎಂದು ಖತೀಜಾಬೀ ಅದನ್ನು ಬಾನಿಗೆ ಸುರಿದು ಮುಂದಿಟ್ಟಳು. ಬಸವ ಒಂದೇ ಉಸಿರಿಗೆ ಕುಡಿದು, ಬಾನಿಯನ್ನು ನೆಕ್ಕಿ, ಬಾನಿ ಇದ್ದ ನೆಲವನ್ನೂ ನೆಕ್ಕಿತು. ಉಜ್ಜನಪ್ಪನಿಗೆ ಕಣ್ಣು ತುಂಬಿ ಬಂತು. ಎಷ್ಟೋ ವರ್ಷಗಳ ಮೇಲೆ ಅವನ ಗಂಜಿಯನ್ನು ಒಬ್ಬರು ಮೆಚ್ಚಿದ್ದರು.

“ಬಸವಣ್ಣನೇ ಒಪ್ಪಿದ ಮ್ಯಾಲೆ ಇನ್ನೇನೈತೆ!” ಎಂದು ಅದರ ಬೆನ್ನು ಮುಟ್ಟಿ ನಮಸ್ಕಾರ ಮಾಡಿದ.

ಗಂಜಿ ಒಣಗಲೆಂದು ಗಾಡಿ ಮುನಾಫನ ಅಂಗಡಿಯ ಒಳಗೇ ಉಳಿಯಿತು. ಸೋಮವಾರ ಬೆಳಿಗ್ಗೆ ಉಜ್ಜನಪ್ಪ ಹೋಗಿ ನೋಡಿದರೆ ಟಾಪು ಒಂದು ಸುಕ್ಕಿಲ್ಲದೆ, ಹಲಗೆಯ ಹಾಗೆ ಬಿಗಿದು ನಿಂತಿತ್ತು. ಬೆರಳಿನಿಂದ ತಟ್ಟಿದ. ಢಬ್ ಎಂದಿತು. ಇನ್ನೊಮ್ಮೆ ತಟ್ಟಿದ. ಮುನಾಫನೂ ಬಂದು ತಟ್ಟಿದ. “ನಿಜಾರೀ ಯಜಮಾನ್ರೆ, ನಾ ಇದನ್ನ ನಂಬಿರ್ಲಿಲ್ಲ,” ಎಂದು ಒಪ್ಪಿಕೊಂಡ. ಬಿಳಿ ಬಟ್ಟೆಯ ಅಂಚಿನಲ್ಲಿ ನೀಲಿ ಮುದ್ರೆ, ನಿರ್ಮಲಮ್ಮ ಕೂರುವ ಕಡೆಗೇ ಬರುವ ಹಾಗೆ ಕೂರಿಸಿದ್ದರು. ಉಜ್ಜನಪ್ಪ ಸುಮ್ಮನೆ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ. ಎರಡೂ ಕೈ ಸ್ಟೇರಿಂಗಿನ ಮೇಲಿದ್ದರೆ ಹೇಗಿರುತ್ತದೆ ಎನ್ನುವುದು ಮರೆತೇಹೋಗಿತ್ತು.

ಅವನ ಲೆಕ್ಕಾಚಾರ ಹೀಗಿತ್ತು. ನಿರ್ಮಲಮ್ಮ ಎಂದಿನಂತೆ ಬಸ್ಸಿಗೆ ಬರುತ್ತಾಳೆ, ದರ್ಶನ ಮಾಡುತ್ತಾಳೆ. ಹೊರಗೆ ಬರುವಾಗ ಎದುರಿಗೇ ಗಾಡಿ. ಏನೂ ಹೇಳಬಾರದು. ಬಾಗಿಲು ತೆಗೆದು, ಮೇಲೆ ನೋಡು ಎಂದು ಕಣ್ಣಲ್ಲೇ ಸನ್ನೆ ಮಾಡಬೇಕು, ಅಷ್ಟೇ. ದೇವಸ್ಥಾನದಿಂದ ಸ್ವಲ್ಪ ದೂರ ಮರದ ಪಕ್ಕ ಗಾಡಿ ನಿಲ್ಲಿಸಿದ. ಮುಟ್ಟಿ ನೋಡಿದರೆ ಮೂಲೆಗಳಲ್ಲಿ ಗಂಜಿ ಇನ್ನೂ ಚೂರು ತಂಪು. ಮುಚ್ಚಿದ ಗಾಡಿಯಲ್ಲಿ ಹಸಿ ಗಂಜಿ ಹುಳಿವಾಸನೆ ಹಿಡಿಯುತ್ತದೆಂದು ಅವನಿಗೆ ಗೊತ್ತಿಲ್ಲದ್ದೇ? ಗಾಳಿಯಾಡಲಿ ಎಂದು ಎರಡೂ ಬಾಗಿಲು ಹಾರು ಹೊಡೆದು, ತಲೆಗೂದಲು ತೀಡಿಕೊಂಡು, ವಿಭೂತಿ ಸರಿಮಾಡಿಕೊಂಡು ಹೆಂಡತಿಯನ್ನು ಕರೆಯಲು ಹೊರಟ.

ನಿರ್ಮಲಮ್ಮ ಪ್ರಸಾದದ ಸಾಲಿನಲ್ಲಿದ್ದಳು. ಗಂಡನನ್ನು ಕಂಡು, “ನೀವ್ಯಾವಾಗ ಬಂದ್ರಿ? ಊಟ ಆತೇನ್ರಿ?” ಎಂದಳು, ಅದೇ ಬೆಣ್ಣೆಯ ದನಿಯಲ್ಲಿ.

“ಆಮ್ಯಾಲೆ ಊಟ. ಒಂದು ನಿಮಿಷ ಬಾ ಇಲ್ಲಿ, ಏನೋ ತೋರಿಸ್ತೀನಿ.”

ದೂರದಿಂದಲೇ ಉಜ್ಜನಪ್ಪನಿಗೆ ಗಾಡಿಯ ಸುತ್ತ ಜನ ಕಂಡರು. ಫೋಟೋದವರಿರಬೇಕು ಎಂದು ಎದೆ ಉಬ್ಬಿತು. ಹತ್ತಿರ ಬಂದಾಗ ಗಾಡಿ ಅಲ್ಲಾಡುತ್ತಿರುವುದು ಕಾಣಿಸಿತು. ಇನ್ನೂ ಹತ್ತಿರ ಬಂದಾಗ, ಎಡಬಾಗಿಲಿನಿಂದ ಒಂದು ದೊಡ್ಡ ಬೆನ್ನು, ಅದರ ತುದಿಗೆ ಆರಾಮಾಗಿ ಆಡುತ್ತಿರುವ ಒಂದು ಬಾಲ.

ಬಸವ ಮುಂಗಾಲು ಕ್ಯಾಬಿನ್ನಿನೊಳಗೆ ಊರಿ, ಕತ್ತು ಮೇಲೆತ್ತಿ, ಟಾಪು ತಿನ್ನುತ್ತಿತ್ತು. ಅವಸರವಿಲ್ಲ. ಒಂದು ತುತ್ತು ಎಳೆಯುವುದು, ಜರ್ರ್ ಎಂದು ಹರಿಯುವುದು, ಕಣ್ಣು ಮುಚ್ಚಿ ಅಗಿಯುವುದು. ಸುತ್ತ ನಿಂತವರಲ್ಲಿ ಒಬ್ಬರಾದರೂ ಹೊಡೆದು ಓಡಿಸಬಾರದೇ? ದೇವರ ಬಸವ. ಅದೂ ಸೋಮವಾರ, ಅದೂ ದೇವಸ್ಥಾನದ ಬೀದಿ. ಕೆಲವರು ಫೋನಿನಲ್ಲಿ ಹಿಡಿಯುತ್ತಿದ್ದರು. ಒಬ್ಬಳು ಗಾಡಿಯ ಬಾನೆಟ್ಟಿಗೆ ಕುಂಕುಮ ಹಚ್ಚಿ ಎರಡು ಬಾಳೆಹಣ್ಣು ಇಟ್ಟಿದ್ದಳು.

ಉಜ್ಜನಪ್ಪ ಓಡಿದ. ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಎದುರಿಗೆ ಬಸವಣ್ಣ. ಹೊಡೆಯುವುದು ಎಲ್ಲಿಂದ ಬಂತು? ಎತ್ತಿದ ಕೈಗೆ ಇನ್ನೊಂದು ಕೈ ಸೇರಿ ಮುಗಿಯಿತು.

“ಬಸವಣ್ಣಾ, ಸಾಕೋ ನಮ್ಮಪ್ಪಾ… ಅದು ನನ್ನ ಹೆಂಡ್ತೀದು… ಇಳಿಯಪ್ಪಾ… ಇಳೀರಿ… ಸಾಕ್ರೀ…”

ಮಾತು ನೀನಿನಿಂದ ನೀವಿಗೆ ಏರಿದರೂ ಬಸವ ಕೇಳಲಿಲ್ಲ. ಮೂಲೆಯಲ್ಲಿ ಬೆಲ್ಲ ಹೆಚ್ಚಾಗಿ ನಿಂತಿತ್ತೆಂದು ಕಾಣುತ್ತದೆ, ಆ ಜಾಗವನ್ನು ಪ್ರತ್ಯೇಕವಾಗಿ ನೆಕ್ಕಿತು. ಕೊನೆಗೆ ಹೊಟ್ಟೆ ತುಂಬಿತೋ, ಬೇಸರ ಬಂತೋ, ಮೆಲ್ಲಗೆ ಹಿಂದಕ್ಕೆ ಸರಿದು ಇಳಿದು, ಬಾಯಂಚಿನಲ್ಲಿ ಒಂದು ಬಿಳಿ ಚೂರು ಜೋತುಬಿಟ್ಟುಕೊಂಡು, ಉಜ್ಜನಪ್ಪನ ಭುಜಕ್ಕೆ ಒಮ್ಮೆ ಮೂತಿ ಒರೆಸಿ, ಬಾಳೆಹಣ್ಣನ್ನೂ ತೆಗೆದುಕೊಂಡು ಹೋಯಿತು.

ಹಿಂದೆ ಒಂದು ಸದ್ದು ಕೇಳಿಸಿತು. ನಿರ್ಮಲಮ್ಮ ಹೊಟ್ಟೆ ಹಿಡಿದುಕೊಂಡು, ಮರಕ್ಕೆ ಕೈ ಊರಿ ನಗುತ್ತಿದ್ದಳು. ಬಸ್ಸಿನ ನಗುವಿಗಿಂತ ಹೆಚ್ಚಿನ ನಗು. “ಇಳೀರಿ ಅಂದ್ರಲ್ರೀ… ಬಸವಣ್ಣಂಗೆ… ಇಳೀರಿ…” ಎನ್ನುವುದು, ಕಣ್ಣೊರೆಸಿಕೊಳ್ಳುವುದು, ಮತ್ತೆ ನಗುವುದು. ಉಜ್ಜನಪ್ಪನಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಟ್ಟೆ ಹೋಯಿತು, ಗಂಜಿ ಹೋಯಿತು, ಇನ್ನು ಈ ಜನ್ಮದಲ್ಲಿ ಇವಳು ಗಾಡಿ ಹತ್ತುವುದಿಲ್ಲ.

ನಗು ಮುಗಿಸಿ ನಿರ್ಮಲಮ್ಮ ಕ್ಯಾಬಿನ್ನಿನೊಳಗೆ ಬಗ್ಗಿ ನೋಡಿದಳು. ಬೋಳು ತಗಡು, ಬೋಳು ಕಂಬಿ. ಅವಳು ಕೂರುವ ಕಡೆ ಒಂದು ಅಂಚು ಮಾತ್ರ ಉಳಿದು ನೇತಾಡುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ನೀಲಿ ಮುದ್ರೆ.

“ಇದು ಟ್ರಂಕಿನಾಗಿನ ತಾನಲ್ಲೇನ್ರಿ?”

“ಹ್ಞೂಂ.”

“ಜೋಳಿಗೆ ಕಟ್ಟಾಕೆ ಕೇಳಿದ್ರೂ ಕೊಡ್ಲಿಲ್ಲ. ಕೊನಿಗೆ ಹೊದ್ಕೊಳ್ಳಾಕೆ ಇಟ್ಕೊಂಡೀರಿ ಅಂದ್ಕೊಂಡಿದ್ದೆ.”

“ನಾನೂ ಹಂಗೇ ಅಂದ್ಕೊಂಡಿದ್ದೆ,” ಎಂದ ಉಜ್ಜನಪ್ಪ ನೆಲ ನೋಡುತ್ತ. “ನೀ ಬಸ್ಸಿಗೆ ಹೋಗಾಕೆ ಹತ್ತಿದ ಮ್ಯಾಲೆ, ಸತ್ತ ಮ್ಯಾಲೆ ಹೊದ್ಕೊಂಡು ನಾ ಏನು ಮಾಡ್ಲಿ ಅನ್ನಿಸ್ತು.”

ನಿರ್ಮಲಮ್ಮ ಸ್ವಲ್ಪ ಹೊತ್ತು ಆ ಚೂರನ್ನು ಬೆರಳಲ್ಲಿ ತೀಡುತ್ತ ನಿಂತಳು. ಆಮೇಲೆ ಸೆರಗಿನಿಂದ ಸೀಟಿನ ಮೇಲಿನ ಜೊಲ್ಲು ಒರೆಸಿದಳು, ಸೀರೆಯ ನೆರಿಗೆ ಎತ್ತಿಹಿಡಿದು ಒಳಗೆ ಹತ್ತಿ ಕೂತಳು.

“ಉದುರಾಕೆ ಇನ್ನೇನೂ ಉಳಿದಿಲ್ಲ. ನಡ್ರಿ.”

ಗಾಡಿ ದಾವಣಗೆರೆಯ ಕಡೆಗೆ ಹೊರಟಿತು.  ಉಜ್ಜನಪ್ಪನ ಎಡಗೈ ಅಭ್ಯಾಸಬಲದಿಂದ ಮೇಲೆ ಹೋಗಿ, ಹಿಡಿಯಲು ಏನೂ ಸಿಗದೆ ಕೆಳಗೆ ಬಂತು.

“ಬಸ್ಸಿನಾಗೆ ಎಲ್ಲಾ ಅನುಕೂಲ ಇತ್ತೇನು?” ಎಂದ ಕೊನೆಗೆ, ಧೈರ್ಯ ಮಾಡಿ.

“ಇತ್ತು. ಮಾತಾಡಾಕೆ ಎಷ್ಟು ಬೇಕಾದ್ರೂ ಹೆಣ್ಮಕ್ಳು ಸಿಗ್ತಾರೆ.” ಅವಳು ಹೊರಗೆ ನೋಡಿದಳು. “ಜಗಳ ಆಡಾಕೆ ಯಾರೂ ಸಿಗಲ್ಲ.”

 ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಉಜ್ಜನಪ್ಪ ಹುಡುಕುತ್ತಿರುವಾಗಲೇ ನಿರ್ಮಲಮ್ಮ ಸೀಟಿನಲ್ಲಿ ಅವನ ಕಡೆ ತಿರುಗಿ ಕೂತಳು.

“ಅಲ್ರೀ, ಎರಡೂ ಬಾಗಿಲು ತೆಗೆದಿಟ್ಟು ಹೋಗಾಕೆ ನಿಮಗೆ ಬುದ್ಧಿ ಬ್ಯಾಡೇನ್ರಿ?”

“ಗಂಜಿ ಒಣಗಬ್ಯಾಡೇನು?”

“ಯಾರು ಹೇಳಿದ್ರು ಗಂಜಿ ಹಾಕು ಅಂತ? ಊರಾಗೆ ಎಲ್ಲಾರೂ ರೆಕ್ಸಿನ್ ಹಾಕಿಸ್ತಾರೆ, ನಿಮಗೊಬ್ಬರಿಗೆ ಗಂಜಿ!”

“ಆ ಅಂಟಿನ ವಾಸನಿಗೆ ನಿನಗೇ ತಲಿನೋವು ಬರ್ತೈತೆ ಅಂತ…”

“ನನ್ನ ಮ್ಯಾಲೆ ಹಾಕಬ್ಯಾಡ್ರಿ! ಅದಿರ್ಲಿ, ಬೆಲ್ಲ ಯಾಕ ಹಾಕಿದ್ರಿ? ಹೋರಿ ಅಷ್ಟು ನೆಕ್ಕಬೇಕಾದ್ರೆ ಬೆಲ್ಲ ಹಾಕೀರಿ ನೀವು, ನನಗೆ ಗೊತ್ತಿಲ್ಲೇನು? ನಿಮ್ಮ ವಂಶದಾಗೇ…”

ಅವನ ವಂಶ ಮುಗಿದು ಅವಳ ತಂಗಿ ಶುರುವಾದಳು. ಮಫ್ಲರಿನ ಇಲಿಗೂಡಿನ ಸುದ್ದಿಯನ್ನು ಉಜ್ಜನಪ್ಪ ಬುದ್ಧಿವಂತಿಕೆಯಿಂದ ನುಂಗಿಕೊಂಡ. ತಗಡು ಕಾಯುತ್ತಿತ್ತು, ಬೆವರು ಇಳಿಯುತ್ತಿತ್ತು, ದನಿಗಳು ಏರುತ್ತಿದ್ದವು. ಆವರಗೆರೆಗೆ ತಿರುಗುವ ದಾರಿ ಬಂತು. ಉಜ್ಜನಪ್ಪ ತಿರುಗಿಸದೆ ನೇರ ಗಾಡಿ ಬಿಟ್ಟ.

“ತಿರುವು ಹೋತಲ್ರೀ!”

“ಹೋಗ್ಲಿ,” ಎಂದ ಉಜ್ಜನಪ್ಪ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು. “ನೀ ಮುಂದೆ ಹೇಳು.”